ರಂಗನತಿಟ್ಟು, ಅರಮನೆ ದೀಪ: ರಾ ಇಡಲಾ, ಜೆಪೆಗ್ ಇಡಲಾ?

ಮಂಡ್ಯ_ಕ್ಲಿಕ್
24 ಮೆಗಾಪಿಕ್ಸೆಲ್ ಕ್ಯಾಮೆರಾ ಹೊಸದಾಗಿ ತಗೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ರಂಗನತಿಟ್ಟು, ಸಂಜೆ ಮೈಸೂರು ಅರಮನೆ ದೀಪ. ಇರುವುದು ಒಂದೇ 32 ಜಿಬಿ ಕಾರ್ಡ್. ಕೇಳಿದವರೆಲ್ಲ ಜೆಪೆಗ್ (ಕ್ಯಾಮೆರಾನೇ ಸಿದ್ಧ ಮಾಡಿ ಕೊಡುವ ಚಿಕ್ಕ ಫೈಲ್) ಬೇಡ, ರಾ (ಸೆನ್ಸರ್ ಹಿಡಿದದ್ದನ್ನು ಹೆಚ್ಚೂಕಮ್ಮಿ ಹಾಗೇ ಉಳಿಸುವ ಫೈಲ್) ಇಡು, ಆಮೇಲೆ ಸರಿ ಮಾಡ್ಕೋಬಹುದು ಅಂತಾರೆ. ಏನು ಸರಿ ಮಾಡಬಹುದು, ಏನು ಆಗಲ್ಲ, ಯಾರಾದರೂ ಬಿಡಿಸಿ ಹೇಳ್ತೀರಾ?

ಒಂಟಿಕೊಪ್ಪಲು_ಲೆನ್ಸ್
ಅರಮನೆಗೆ ಕಣ್ಮುಚ್ಚಿಕೊಂಡು ರಾ ಇಡಿ. ಸುಮಾರು ಒಂದು ಲಕ್ಷ ಬಲ್ಬು, ಎಲ್ಲಾ ಹಳದಿ ಬೆಳಕು, ಮೇಲೆ ಕಪ್ಪು ಆಕಾಶ. ಜೆಪೆಗ್ ಇಟ್ಟರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವುದು), ಕಾಂಟ್ರಾಸ್ಟ್ ಎಲ್ಲಾ ಕ್ಯಾಮೆರಾನೇ ತೀರ್ಮಾನ ಮಾಡಿ, ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಸಾಕುತ್ತದೆ. 14 ಬಿಟ್ ರಾ ಫೈಲಿನಲ್ಲಿ 16,384 ಹಂತ ಇರುತ್ತವೆ. ಹಾಗಾಗಿ ಕತ್ತಲ ಭಾಗವನ್ನು ಎಷ್ಟು ಎತ್ತಿದರೂ ಆಕಾಶ ಬೇಗ ಪಟ್ಟೆ ಪಟ್ಟೆ ಆಗಲ್ಲ, ಹಳದಿಯನ್ನೂ ಆಮೇಲೆ ನಿಮಗೆ ಬೇಕಾದಷ್ಟು ಇಳಿಸಬಹುದು.

ಆಗದೇ ಇರುವುದು ಇದು: ಸೆನ್ಸರಿನಲ್ಲೇ ಪೂರ್ತಿ ಬೆಳ್ಳಗಾಗಿ ಹೋದ ಬಲ್ಬು ವಾಪಸ್ ಬರಲ್ಲ. ಶೇಕ್ ಆದದ್ದು, ಫೋಕಸ್ ತಪ್ಪಿದ್ದು ಕೂಡ ಅಷ್ಟೇ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ರಾ ಇಟ್ಟಿದ್ದರೂ ಸ್ಕ್ರೀನಿನಲ್ಲಿ ಕಾಣುವ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಸಾಮಾನ್ಯವಾಗಿ ಜೆಪೆಗ್ ಲೆಕ್ಕದ್ದು. ಅದರಲ್ಲಿ ಕೆಂಪು ಬಲತುದಿಗೆ ಗುದ್ದಿದರೆ ಗಾಬರಿ ಬೇಡ, ರಾನಲ್ಲಿ ಇನ್ನೂ ಸ್ವಲ್ಪ ಜಾಗ ಇರಬಹುದು.

ಹಕ್ಕಿ_ಹುಚ್ಚು
ಹಕ್ಕಿಗೆ ನಾನು ಜೆಪೆಗ್ ಪರ. ಕೊಕ್ಕರೆ ಹಾರಿತು ಅಂತ ಬಟನ್ ಒತ್ತಿ ಹಿಡಿದರೆ ರಾನಲ್ಲಿ ಬಫರ್ (ಕಾರ್ಡಿಗೆ ಹೋಗುವ ಮುಂಚೆ ಫೋಟೋ ನಿಲ್ಲುವ ಕ್ಯಾಮೆರಾದ ಒಳಗಿನ ಜಾಗ) ಬೇಗ ತುಂಬಿ, ರೆಕ್ಕೆ ಪೂರ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತೇ ಬಿಡುತ್ತದೆ. ಒಳ್ಳೆ ಬಿಸಿಲಿದ್ದರೆ ಬಣ್ಣದ ತಲೆನೋವೂ ಇಲ್ಲ. ನಿಮ್ಮ ಕಾರ್ಡಿಗೆ ರಾ ಹೆಚ್ಚೂಕಮ್ಮಿ 1,000 ಹಿಡಿಯಬಹುದು, ದೋಣಿಯಲ್ಲಿ ಅದು ಖಾಲಿಯಾಗಲು ಎಷ್ಟು ಹೊತ್ತು?

ಒಂಟಿಕೊಪ್ಪಲು_ಲೆನ್ಸ್
ಒಪ್ಪಲ್ಲ ಸರ್. ಚಮಚದ ಕೊಕ್ಕಿನ ಹಕ್ಕಿ ಅಚ್ಚ ಬಿಳಿ, ಬಿಸಿಲಲ್ಲಿ ಜೆಪೆಗ್‌ಗೆ ಗರಿಯ ಗೆರೆಯೇ ಉಳಿಯಲ್ಲ.

ಹಕ್ಕಿ_ಹುಚ್ಚು
ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಸ್ವಲ್ಪ ಇಳಿಸಿದರೆ ಉಳಿಯುತ್ತೆ! ಸುಮ್ನೆ ಎಲ್ಲದಕ್ಕೂ ರಾ ರಾ ಅಂದ್ರೆ ಹೇಗೆ?

ಮಂಡ್ಯ_ಕ್ಲಿಕ್
ಎರಡೂ ಒಟ್ಟಿಗೆ ಇಟ್ಟರೆ?

ಕಾವೇರಿ_ದಂಡೆ
ಅರಮನೆಗೆ ಇಡಿ, ಅಲ್ಲಿ ಅವಸರ ಇಲ್ಲ. ಹಕ್ಕಿಗೆ ಬೇಡ, ಬಫರ್ ಇನ್ನೂ ಬೇಗ ತುಂಬುತ್ತೆ. ರಾ ತೆರೆಯಲು ಕಂಪ್ಯೂಟರಿಗೆ ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಉಚಿತ, ಏನೇ ತಿದ್ದಿದರೂ ಮೂಲ ಫೈಲ್ ಹಾಗೇ ಇರುತ್ತೆ. ಮೊದಲು ಇನ್ನೊಂದು ಕಾರ್ಡ್ ತಗೊಳ್ಳಿ. ದೋಣಿಯಲ್ಲಿ ಬದಲಿಸುವಾಗ ಮಾತ್ರ ಹುಷಾರು, ಬಿದ್ದರೆ ಮೊಸಳೆಯನ್ನೇ ಕೇಳಬೇಕು.