ಟಮ್ಮಿ ಟಕ್, ಲೈಪೊಸಕ್ಷನ್ ಆದಮೇಲೆ ಲಿಂಫ್ ಮಸಾಜ್: ಕೇಳಿದ್ದು, ಹೇಳಿದ್ದು

ಪ್ರಶ್ನೆ, ಡೊಂಬಿವಲಿಯಿಂದ

ನಮಸ್ಕಾರ. ನನಗೆ 41 ವರ್ಷ, ಎರಡು ಸಿಸೇರಿಯನ್ ಆಗಿದೆ. ಟಮ್ಮಿ ಟಕ್ (ಹೊಟ್ಟೆಯ ಜೋಲು ಚರ್ಮ ಕತ್ತರಿಸಿ ಬಿಗಿಮಾಡುವ ಆಪರೇಷನ್) ಜೊತೆಗೆ ಸೊಂಟದ ಎರಡೂ ಬದಿ ಲೈಪೊಸಕ್ಷನ್ (ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು) ಆಗಿ ಇವತ್ತಿಗೆ 9ನೇ ದಿನ. ಹೊಟ್ಟೆಯ ಸ್ನಾಯುವನ್ನೂ ಹೊಲಿದಿದ್ದಾರೆ. ಒಳಗಿನ ನೀರು ಹೊರಬರಲು ಇಟ್ಟಿದ್ದ ಡ್ರೈನ್ ಪೈಪ್ 7ನೇ ದಿನ ತೆಗೆದರು. ಹೊಕ್ಕುಳಿನ ಕೆಳಗೆ ಊತ ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಡಾಕ್ಟರು ಲಿಂಫ್ಯಾಟಿಕ್ ಮಸಾಜ್ ಶುರುಮಾಡಬಹುದು ಅಂದರು. ನಮ್ಮ ಬಿಲ್ಡಿಂಗಿಗೆ ಬಾಣಂತಿಯರಿಗೆ ಎಣ್ಣೆ ತಿಕ್ಕಲು ಒಬ್ಬರು ಮಾಲೀಸ್‌ವಾಲಿ ಬರುತ್ತಾರೆ, ಕೈ ತುಂಬಾ ಚೆನ್ನಾಗಿದೆ. ಅವರ ಹತ್ತಿರ ಮಾಡಿಸಬಹುದೇ?

ಉತ್ತರ, ಫಿಸಿಯೋಥೆರಪಿಸ್ಟ್, ಮಾಟುಂಗ

ಬೇಡ ಮೇಡಂ. ಆ ಕೈ ಎಷ್ಟೇ ಪಳಗಿದ್ದರೂ ಈ ಕೆಲಸಕ್ಕೆ ಆಗುವುದಿಲ್ಲ. ಎಣ್ಣೆ ಮಾಲೀಸು ಸ್ನಾಯುವಿನ ತನಕ ಇಳಿಯುತ್ತದೆ. ಇಲ್ಲಿ ಕೆಲಸ ಇರುವುದು ಚರ್ಮಕ್ಕೆ ತಾಗಿಕೊಂಡೇ ಇರುವ ಸಪೂರ ದುಗ್ಧನಾಳಗಳ, ಅಂದರೆ ಅಂಗಾಂಶದ ನೀರನ್ನು ರಕ್ತಕ್ಕೆ ಮರಳಿಸುವ ಲಿಂಫ್ ನಾಳಗಳ ಹತ್ತಿರ. ಆ ನಾಳಗಳ ಗೋಡೆಯನ್ನು ಸುತ್ತಲಿನ ಅಂಗಾಂಶಕ್ಕೆ ಸಣ್ಣ ಎಳೆಗಳು ಕಟ್ಟಿ ಹಿಡಿದಿರುತ್ತವೆ. ಚರ್ಮವನ್ನು ಮೆಲ್ಲಗೆ ಒಂದು ಬದಿಗೆ ಜಗ್ಗಿದಾಗ ಆ ಎಳೆಗಳು ಬಿಗಿದು ನಾಳದ ಬಾಯಿ ತೆರೆಯುತ್ತದೆ, ಊತದ ನೀರು ಒಳಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ನಾಳವೇ ಚಪ್ಪಟೆಯಾಗುತ್ತದೆ. ಮೇಲಿಂದ ಚರ್ಮ ಕೆಂಪೇರಿ, ಅಲ್ಲಿಗೆ ರಕ್ತ ಹೆಚ್ಚು ಹರಿದು ಇನ್ನಷ್ಟು ನೀರು ಒಸರುತ್ತದೆ. ಊತ ಇಳಿಸಲು ಹೋಗಿ ಊತ ಏರಿಸಿದ ಹಾಗೆ.

ಈ ಪದ್ಧತಿ ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್, 1930ರ ದಶಕದಲ್ಲಿ. ಅಂದಿನಿಂದ ಇವತ್ತಿನವರೆಗೂ ನಿಯಮ ಬದಲಾಗಿಲ್ಲ: ನೋವಾಗಬಾರದು, ಚರ್ಮ ಕೆಂಪಾಗಬಾರದು. ಎಷ್ಟು ಒತ್ತಡ ಅಂತ ತಿಳಿಯಲು ಕಾಯಿಸಿ ಆರಿಸಿದ ಹಾಲನ್ನು ನೆನೆಸಿಕೊಳ್ಳಿ. ಮೇಲಿನ ಕೆನೆ ಹರಿಯದ ಹಾಗೆ ಬೆರಳಲ್ಲಿ ಒಂದು ಬದಿಗೆ ಸರಿಸಲು ಎಷ್ಟು ಬೇಕೋ ಅಷ್ಟೇ. ಎಣ್ಣೆ, ಕ್ರೀಮು, ಪೌಡರ್ ಯಾವುದೂ ಬೇಡ. ಕೈ ಜಾರಿದರೆ ಚರ್ಮ ಜಗ್ಗುವುದಿಲ್ಲ.

ಮೊದಲ ಎರಡು ಮೂರು ಸಲ ತರಬೇತಿ ಆದವರಿಂದಲೇ ಮಾಡಿಸಿಕೊಂಡು, ಕೈ ಹೇಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಮನೆಯಲ್ಲೇ ದಿನಕ್ಕೆ ಒಂದು ಸಲ, 15ರಿಂದ 20 ನಿಮಿಷ ಸಾಕು.

ಬೆನ್ನ ಹಿಂದೆ ದಿಂಬಿಟ್ಟು ಒರಗಿ, ಮೊಣಕಾಲ ಕೆಳಗೂ ದಿಂಬಿರಲಿ. ಹೊಟ್ಟೆಯ ಹೊಲಿಗೆ ಜಗ್ಗಬಾರದು. ನಿಮಗೆ ಸ್ನಾಯು ಹೊಲಿದಿರುವುದರಿಂದ ಹೊಟ್ಟೆ ಉಬ್ಬಿಸದೆ ಪಕ್ಕೆಲುಬು ಅಗಲವಾಗುವ ಹಾಗೆ ನಿಧಾನಕ್ಕೆ ಐದು ಉಸಿರು ತೆಗೆದುಕೊಳ್ಳಿ. ಮೊದಲು ಕೈ ಹೋಗಬೇಕಾದದ್ದು ಹೊಟ್ಟೆಗಲ್ಲ, ಕತ್ತಿನ ಬುಡಕ್ಕೆ. ಕಾಲರ್ ಬೋನ್ ಮೇಲಿನ ಗುಳಿಯಲ್ಲಿ ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಚರ್ಮವನ್ನು ಎದೆಯ ಕಡೆಗೆ ಸಣ್ಣದಾಗಿ ಸುತ್ತಿಸಿ ಬಿಡಿ. ಎರಡೂ ಬದಿ ಹತ್ತು ಸಲ. ಇಡೀ ಮೈಯ ದುಗ್ಧರಸ ಕೊನೆಗೆ ರಕ್ತಕ್ಕೆ ಸೇರುವುದು ಇಲ್ಲೇ. ಮಳೆಗೆ ಮುಂಚೆ ನಾಲಾ ಸಾಫ್ ಮಾಡುವಾಗ ನೀರು ಹೊರಬೀಳುವ ಬಾಯಿಯನ್ನು ಮೊದಲು ಬಿಡಿಸಬೇಕಲ್ಲ, ಇದೂ ಹಾಗೆಯೇ. ನಂತರ ಕಂಕುಳಲ್ಲಿ ಅಂಗೈಯಿಟ್ಟು ಹತ್ತು ಸಲ.

ಈಗ ಪಕ್ಕೆ. ಕಂಕುಳಿಗೆ ಹತ್ತಿರದ ಭಾಗದಿಂದ ಶುರುಮಾಡಿ, ಅಲ್ಲಿಂದ ಮೇಲಕ್ಕೆ ನಾಲ್ಕೈದು ಸಲ ಜಗ್ಗಿ ಬಿಡಿ. ಆಮೇಲೆ ಕೈ ನಾಲ್ಕು ಬೆರಳು ಕೆಳಗಿಟ್ಟು ಮತ್ತೆ ಮೇಲಕ್ಕೆ. ಹೀಗೆ ಹಂತಹಂತವಾಗಿ ಸೊಂಟದ ತನಕ ಇಳಿಯಿರಿ. ಜಗ್ಗುವ ದಿಕ್ಕು ಮಾತ್ರ ಯಾವಾಗಲೂ ಕಂಕುಳಿನ ಕಡೆಗೆ. ಕೈ ಬಿಡುವಾಗ ಚರ್ಮ ತಾನೇ ಹಿಂದಕ್ಕೆ ಬರಬೇಕು. ಒಂದೊಂದಕ್ಕೂ ಎರಡು ಮೂರು ಸೆಕೆಂಡ್ ಕೊಡಿ, ಅವಸರದ ಕೈಗೆ ಇಲ್ಲಿ ಏನೂ ದಕ್ಕುವುದಿಲ್ಲ.

ಹೊಕ್ಕುಳಿನ ಕೆಳಗಿನ ಭಾಗದಲ್ಲೇ ಹೆಚ್ಚಿನವರು ತಪ್ಪುವುದು. ಸಾಮಾನ್ಯ ದೇಹದಲ್ಲಿ ಅಲ್ಲಿಯ ನೀರು ತೊಡೆಸಂದಿಗೆ ಇಳಿಯುತ್ತದೆ. ನಿಮಗೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದಿರುವುದರಿಂದ ಆ ದಾರಿ ಕಡಿದಿದೆ. ಅದಕ್ಕೇ ಊತ ಹೊಲಿಗೆಯ ಮೇಲ್ಗಡೆ ಕಟ್ಟೆ ಕಟ್ಟಿದಂತೆ ನಿಲ್ಲುತ್ತದೆ. ಹೊಲಿಗೆಗಿಂತ ಮೇಲಿರುವುದನ್ನೆಲ್ಲ ಪಕ್ಕೆಗೆ, ಅಲ್ಲಿಂದ ಕಂಕುಳಿಗೆ ಕಳಿಸಿ. ಹೊಲಿಗೆಗಿಂತ ಕೆಳಗಿರುವುದನ್ನು ತೊಡೆಸಂದಿಗೆ ಕಳಿಸಿ. ಹೊಲಿಗೆ ದಾಟಿಸಬೇಡಿ, ಎರಡೂ ಬದಿ ಎರಡು ಬೆರಳಷ್ಟು ಜಾಗ ಬಿಟ್ಟೇ ಇರಿ. ಕೊನೆಗೆ ಮತ್ತೊಮ್ಮೆ ಕತ್ತಿನ ಬುಡ, ಆಮೇಲೆ ಊತ ತಡೆಯಲು ಆಪರೇಷನ್ ನಂತರ ಹಾಕುವ ಬಿಗಿ ಬೆಲ್ಟ್ ಹಾಕಿಕೊಳ್ಳಿ.

ಥೆರಪಿಸ್ಟ್ ಹುಡುಕುವಾಗ ಎರಡು ಕೇಳಿ: ಮಹಾರಾಷ್ಟ್ರದ ಫಿಸಿಯೋಥೆರಪಿ ಕೌನ್ಸಿಲ್ಲಿನಲ್ಲಿ ನೋಂದಣಿ ಇದೆಯೇ, ಲಿಂಫ್ ಡ್ರೈನೇಜಿಗೆ ಬೇರೆ ತರಬೇತಿ ಆಗಿದೆಯೇ. ವಾರಕ್ಕೆ ಎರಡು ಮೂರು ಸಲ, ಮೂರು ನಾಲ್ಕು ವಾರ ಮಾಡಿಸಿದರೆ ಬೇಕಾದಷ್ಟಾಯಿತು. ಮಸಾಜ್ ಇಲ್ಲದೆಯೂ ಊತ ಇಳಿಯುತ್ತದೆ, ತಡವಾಗಿ ಅಷ್ಟೆ. ಬಿಗಿತ ಸಡಿಲಾಗಿ ಮೈ ಹಗುರಾಗುವುದಕ್ಕೆ ಇದು ಸಹಾಯ. ಇದಿಲ್ಲದಿದ್ದರೆ ಆಪರೇಷನ್ನೇ ಕೆಡುತ್ತದೆ ಅಂತ ಹೆದರಿಸಿ 20 ಸಿಟ್ಟಿಂಗಿನ ಪ್ಯಾಕೇಜ್ ಮಾರುವವರನ್ನು ದೂರವಿಡಿ.

ಪ್ರಶ್ನೆ, ಪುಣೆಯ ಕೋಥ್ರೂಡಿನಿಂದ

ನನ್ನ ಅಕ್ಕನಿಗೂ ಇದೇ ಆಪರೇಷನ್, 16ನೇ ದಿನ. ಮಗ್ಗುಲು ಬದಲಿಸಿದಾಗ ಒಳಗೆ ನೀರು ತುಳುಕಿದ ಹಾಗಾಗುತ್ತದಂತೆ. ಮಸಾಜ್ ಮಾಡಿ ಕರಗಿಸಬಹುದೇ?

ಉತ್ತರ, ಪ್ಲಾಸ್ಟಿಕ್ ಸರ್ಜರಿ ವಿಭಾಗದ ಸ್ಟಾಫ್ ನರ್ಸ್, ಪುಣೆ

ಕರಗುವುದಿಲ್ಲ. ಅದು ಸಿರೋಮಾ ಇರಬಹುದು. ಅಂದರೆ ಚರ್ಮ ಮತ್ತು ಸ್ನಾಯುವಿನ ನಡುವೆ ಬಿಡಿಸಿದ ಜಾಗದಲ್ಲಿ ನೀರು ಮಡುಗಟ್ಟುವುದು. ಊತದ ನೀರು ಅಂಗಾಂಶದೊಳಗೆ ಸ್ಪಂಜಿನಲ್ಲಿದ್ದಂತೆ ಹರಡಿರುತ್ತದೆ, ಬೆರಳೊತ್ತಿದರೆ ಗುಳಿ ಬೀಳುತ್ತದೆ. ಸಿರೋಮಾದ ನೀರು ಚೀಲದಲ್ಲಿದ್ದಂತೆ ಒಂದೇ ಕಡೆ ಇರುತ್ತದೆ. ಅಕ್ಕ ಮಲಗಿದ್ದಾಗ ಉಬ್ಬಿದ ಜಾಗದ ಒಂದು ಬದಿ ನಿಮ್ಮ ಅಂಗೈ ಸುಮ್ಮನೆ ಇಡಿ, ಇನ್ನೊಂದು ಬದಿ ಒಂದು ಬೆರಳಲ್ಲಿ ಮೆಲ್ಲಗೆ ತಟ್ಟಿ. ಅಂಗೈಗೆ ಅಲೆ ಬಂದು ತಾಗಿದರೆ ಇವತ್ತೇ ಸರ್ಜನ್ನಿಗೆ ಫೋನ್ ಮಾಡಿ. ಅಲೆ ಗೊತ್ತಾಗದಿದ್ದರೂ ತುಳುಕುವುದು ನಿಂತಿಲ್ಲವೆಂದರೆ ತೋರಿಸಲೇಬೇಕು, ಸ್ವಲ್ಪ ನೀರಿದ್ದರೆ ಕೈಗೆ ಸಿಗುವುದಿಲ್ಲ.

ಸರ್ಜನ್ ಸೂಜಿ ಹಾಕಿ ಸಿರಿಂಜಿನಲ್ಲಿ ಎಳೆಯುತ್ತಾರೆ. ಅಲ್ಲಿ ಚರ್ಮ ಇನ್ನೂ ಜೋಮು ಹಿಡಿದಿರುವುದರಿಂದ ನೋವು ಅಷ್ಟೇನಿರದು. ಕೆಲವು ದಿನ ಬಿಟ್ಟು ಮತ್ತೆ ಎಳೆಯಬೇಕಾಗಬಹುದು, ಅದಕ್ಕೆ ಗಾಬರಿ ಬೇಡ. ಹಾಗೇ ಬಿಟ್ಟರೆ ಸುತ್ತ ದಪ್ಪ ಪೊರೆ ಬೆಳೆದು, ಅದನ್ನು ತೆಗೆಯಲು ಇನ್ನೊಂದು ಆಪರೇಷನ್ ಬೇಕಾದೀತು. ಡ್ರೈನಿನಲ್ಲಿ 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬರುವ ತನಕ ಸಾಮಾನ್ಯವಾಗಿ ಪೈಪ್ ತೆಗೆಯದಿರುವುದು ಇದಕ್ಕಾಗಿಯೇ.

ಪ್ರಶ್ನೆ, ಗೋವಾದ ವಾಸ್ಕೋದಿಂದ

ತೊಡೆಗೆ ಲೈಪೊಸಕ್ಷನ್ ಆಗಿ 5 ದಿನ ಆಗ್ಯದರಿ. ಇಲ್ಲೊಂದು ಸ್ಪಾದಾಗ ಲಿಂಫ್ ಮಸಾಜ್ ಅಂತ ಹೇಳಿ, ಸಣ್ಣ ಹೊಲಿಗಿ ತೂತಿನಿಂದ ನೀರು ಹೊರಗ ಬರೂಹಂಗ ಒತ್ತಿ ತಗದ್ರು. ಜೀವ ಹೋಗೂವಷ್ಟು ನೋವಾತು. ಇದು ಹಿಂಗ ಇರ್ತದೇನ್ರಿ?

ಉತ್ತರ, ಫಿಸಿಯೋಥೆರಪಿಸ್ಟ್, ಮಾಟುಂಗ

ಇಲ್ಲರಿ, ಅದು ಲಿಂಫ್ ಡ್ರೈನೇಜೇ ಅಲ್ಲ. ಮತ್ತೆ ಹೋಗಬೇಡಿ. ಲಿಂಫ್ ಡ್ರೈನೇಜಿನಲ್ಲಿ ನೀರು ಮೈಯೊಳಗಿನ ನಾಳದ ದಾರಿಯಲ್ಲೇ ಹೋಗುತ್ತದೆ, ಗಾಯದಿಂದ ಹೊರಗಲ್ಲ. ಆಪರೇಷನ್ ಆದ ಮೊದಲ ಒಂದೆರಡು ದಿನ ಆ ತೂತುಗಳಿಂದ ತಿಳಿಗೆಂಪು ನೀರು ತಾನಾಗಿ ಸೋರುವುದು ಸಹಜ. ಲೈಪೊಸಕ್ಷನ್ನಿಗೆ ಮುಂಚೆ ಒಳಗೆ ಲೀಟರುಗಟ್ಟಲೆ ಹಾಕಿದ ಸಲೈನಿನ ಉಳಿಕೆ ಅದು. ಅದನ್ನು ಸೋರಲು ಬಿಡಬೇಕು, ಹಿಂಡಬಾರದು. ಮುಚ್ಚಿಕೊಳ್ಳುತ್ತಿರುವ ತೂತನ್ನು ಒತ್ತಿ ತೆರೆದರೆ ಹೊರಗಿನ ಕ್ರಿಮಿಗೆ ಒಳದಾರಿ ಮಾಡಿಕೊಟ್ಟಂತೆ.

ಈಗ ಮಾಡಬೇಕಾದದ್ದು: ತೂತಿನ ಸುತ್ತ ಕೆಂಪಿದ್ದರೆ ಅದರ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಆರು ಗಂಟೆ ಬಿಟ್ಟು ನೋಡಿದಾಗ ಕೆಂಪು ಗೆರೆ ದಾಟಿದ್ದರೆ, ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಬರುವ ನೀರು ಗಟ್ಟಿಯಾಗಿ ವಾಸನೆ ಹೊಡೆದರೆ, ಬೆಳಗಾಗುವುದನ್ನು ಕಾಯದೆ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ. ಏನೂ ಇಲ್ಲದಿದ್ದರೂ ಹೀಗಾಯಿತು ಅಂತ ಅವರಿಗೆ ನಾಳೆಯೊಳಗೆ ತಿಳಿಸಿ.

ಇನ್ನೊಂದು ವಿಷಯ. ಮೊದಲ ವಾರಗಳಲ್ಲಿ ಕಟ್ಟಿಗೆಯ ರೋಲರ್, ಗಾಳಿ ಎಳೆದು ಚರ್ಮ ಹೀರುವ ಕಪ್, ಇವ್ಯಾವುದನ್ನೂ ಮೈಗೆ ಮುಟ್ಟಿಸಬೇಡಿ.

ಪ್ರಶ್ನೆ, ವಾಶಿಯಿಂದ

ಗೈನೆಕೊಮಾಸ್ಟಿಯಾ (ಗಂಡಸರ ಎದೆಯಲ್ಲಿ ಸ್ತನಗ್ರಂಥಿ ಬೆಳೆಯುವುದು) ಆಪರೇಷನ್ ಆಗಿ 5 ವಾರ. ನಿಪ್ಪಲ್ ಕೆಳಗೆ ನಾಣ್ಯದಷ್ಟು ಗಟ್ಟಿ ಇದೆ. ಗ್ರಂಥಿ ಮತ್ತೆ ಬೆಳೆದಿದೆಯೇ?

ಉತ್ತರ, ಸ್ಟಾಫ್ ನರ್ಸ್, ಪುಣೆ

ಇಷ್ಟು ಬೇಗ ಬೆಳೆಯುವುದಿಲ್ಲ ಸರ್. ಒಳಗಿನ ಗಾಯ ಮಾಯುವಾಗ ಕಟ್ಟಿದ ಗಟ್ಟಿ ಅದು, 3ನೇ ವಾರದಿಂದ ಕೈಗೆ ಸಿಗಲು ಶುರುವಾಗಿ ಮೂರರಿಂದ ಆರು ತಿಂಗಳಲ್ಲಿ ಮೆತ್ತಗಾಗುತ್ತದೆ. ಗಾಯ ಪೂರ್ತಿ ಮುಚ್ಚಿ, ಡಾಕ್ಟರು ಒಪ್ಪಿದ ಮೇಲೆ ಇಲ್ಲಿ ಸ್ವಲ್ಪ ಹೆಚ್ಚು ಒತ್ತಡ ನಡೆಯುತ್ತದೆ. ಎರಡು ಬೆರಳಿಟ್ಟು, ಜಾರಿಸದೆ, ಗಟ್ಟಿಯನ್ನೇ ಹಿಡಿದು ಸಣ್ಣ ಸುತ್ತು ಹಾಕಿಸಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಲಿಂಫ್ ಡ್ರೈನೇಜ್ ಬೇರೆ, ಗಾಯದ ಮಸಾಜ್ ಬೇರೆ, ಇವೆರಡನ್ನು ಬೆರೆಸಬೇಡಿ. ಗಟ್ಟಿ ದಿನೇದಿನೇ ದೊಡ್ಡದಾದರೆ ಅಥವಾ ಒಂದೇ ಬದಿ ಬಿಸಿಯಾಗಿ ಉಬ್ಬಿದರೆ ತೋರಿಸಿ.

ಪ್ರಶ್ನೆ, ಘಾಟ್ಕೋಪರಿನಿಂದ

ಈ ಸೆಕೆಯಲ್ಲಿ ಬೆಲ್ಟ್ ಹಾಕಿಕೊಂಡು ಇರುವುದೇ ಕಷ್ಟ. ಹಗಲಿಡೀ ತೆಗೆದಿಟ್ಟು ರಾತ್ರಿ ಮಾತ್ರ ಹಾಕಿದರೆ ನಡೆಯುತ್ತದೆಯೇ? ಬಿಗಿತಕ್ಕೆ ಬಿಸಿನೀರಿನ ಚೀಲ ಇಡಬಹುದೇ?

ಉತ್ತರ, ಸ್ಟಾಫ್ ನರ್ಸ್, ಪುಣೆ

ತಿರುಗುಮುರುಗಾಯಿತು. ಹಗಲು ನಿಂತು ನಡೆದಾಡುವಾಗಲೇ ನೀರು ಕೆಳಗಿಳಿಯುವುದು. ಸ್ನಾನದ ಹೊತ್ತು ಬಿಟ್ಟರೆ ಮೊದಲ ಎರಡು ಮೂರು ವಾರ ಮೈಮೇಲೇ ಇರಲಿ, ಆಮೇಲೆ ಸರ್ಜನ್ ಹೇಳಿದಂತೆ ಕಡಿಮೆ ಮಾಡುತ್ತಾ ಬನ್ನಿ. ಎರಡು ಬೆಲ್ಟ್ ಇಟ್ಟುಕೊಂಡು ದಿನಾ ಒಗೆದು ಬದಲಿಸಿ. ಒಳಗೆ ಹೊಲಿಗೆಯಿಲ್ಲದ ತೆಳು ಕಾಟನ್ ಬನಿಯನ್ ಹಾಕಿ, ಒಂದು ಸುಕ್ಕೂ ಇರಬಾರದು. ಸುಕ್ಕಿದ್ದಲ್ಲಿ ಚರ್ಮದ ಮೇಲೆ ಗೆರೆ ಬಿದ್ದು ಉಳಿದುಬಿಡುತ್ತದೆ. ಬೆಲ್ಟಿನ ಕೆಳಗೆ ಎರಡು ಬೆರಳು ಹೋಗಬೇಕು, ಕೂತಾಗ ಮಡಚಿ ಹಗ್ಗದಂತಾಗಬಾರದು.

ಬಿಸಿನೀರಿನ ಚೀಲ ಖಂಡಿತ ಬೇಡ. ಆಪರೇಷನ್ ಆದ ಜಾಗದ ಚರ್ಮಕ್ಕೆ ಸ್ಪರ್ಶ ಮರಳಲು ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಸುಟ್ಟು ಬೊಬ್ಬೆ ಎದ್ದರೂ ನಿಮಗೆ ಗೊತ್ತಾಗುವುದಿಲ್ಲ, ಟವೆಲ್ ತೆಗೆದಾಗಲೇ ಕಾಣುವುದು. ಐಸ್ ಕೂಡ ಹಾಗೆಯೇ ಸುಡುತ್ತದೆ.

ಮತ್ತೆ ಡೊಂಬಿವಲಿಯಿಂದ

ತುಂಬಾ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ. ನಿನ್ನೆಯಿಂದ ಎಡಗಾಲಿನ ಮೀನಖಂಡ ಮಾತ್ರ ನೋಯುತ್ತಿದೆ, ಬಲಗಾಲಿಗಿಂತ ಸ್ವಲ್ಪ ದಪ್ಪ ಕಾಣುತ್ತದೆ. ಅಲ್ಲಿಗೂ ಇದೇ ಮಸಾಜ್ ಮಾಡಲೇ?

ಉತ್ತರ, ಫಿಸಿಯೋಥೆರಪಿಸ್ಟ್, ಮಾಟುಂಗ

ಕಾಲು ಮುಟ್ಟಬೇಡಿ ಮೇಡಂ, ಹೊಟ್ಟೆಗೂ ಮಸಾಜ್ ಬೇಡ. ಒಂದೇ ಕಾಲು ಊದಿ ನೋಯುವುದು ಒಳರಕ್ತನಾಳದಲ್ಲಿ ಗಡ್ಡೆ ಕಟ್ಟಿದ ಲಕ್ಷಣವಿರಬಹುದು, ಟಮ್ಮಿ ಟಕ್ ಆದವರಿಗೆ ಈ ಅಪಾಯ ಉಂಟು. ತಿಕ್ಕಿದರೆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಈಗಲೇ ಸರ್ಜನ್ನಿಗೆ ಫೋನ್ ಮಾಡಿ, ಇವತ್ತೇ ಕಾಲಿನ ಕಲರ್ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ. ಲೋಕಲ್ ಟ್ರೇನ್ ಬೇಡ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಕಾರಿನಲ್ಲಿ ಹೋಗಿ. ಸರ್ಜನ್ ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, 9 ದಿನದ ಹಿಂದೆ ಆಪರೇಷನ್ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ 108ಕ್ಕೆ ಕರೆ ಮಾಡಿ. ಡಾಪ್ಲರ್ ಆದಮೇಲೆ ಇಲ್ಲೇ ತಿಳಿಸಿ, ಕಾಯುತ್ತಿರುತ್ತೇವೆ.