ಸಹಾಯ ಬೇಕು: 38ನೇ ವಯಸ್ಸಿಗೇ ಮೂಳೆ ಸಾಂದ್ರತೆ ಕಡಿಮೆ ಎಂಬ ವರದಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಮುಟ್ಟು ಇನ್ನೂ ಕ್ರಮವಾಗಿಯೇ ಇದೆ. ಎರಡು ತಿಂಗಳ ಹಿಂದೆ ಒಗೆಯುವ ಕಲ್ಲಿನ ಬಳಿ ಜಾರಿ, ಅಂಗೈ ಊರಿದಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿದದ್ದರಿಂದ ವೈದ್ಯರು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಝಡ್ ಸ್ಕೋರ್ (ನಮ್ಮದೇ ವಯಸ್ಸಿನವರೊಂದಿಗೆ ಹೋಲಿಸಿದ ಅಂಕ) ಮೈನಸ್ 2.2 ಬಂದಿದೆ. ಮುಟ್ಟು ನಿಲ್ಲದ ಹೆಂಗಸರಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವಜನರೊಂದಿಗೆ ಹೋಲಿಸಿದ ಅಂಕ) ಬದಲು ಇದನ್ನೇ ನೋಡುತ್ತಾರೆಂದೂ, ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕಷ್ಟು ಸಾಂದ್ರತೆ ಇಲ್ಲವೆಂದು ಅರ್ಥವೆಂದೂ ಅವರು ತಿಳಿಸಿದರು.

ನನ್ನ ತಪ್ಪೂ ಇದೆ. ಹದಿನೈದು ವರ್ಷಗಳಿಂದ ಕುರ್ಚಿಯ ಕೆಲಸ. ಮೈಗೆ ಬಿಸಿಲು ತಾಗುವುದು ಬಸ್ ನಿಲ್ದಾಣದಲ್ಲಿ ಮಾತ್ರ, ಅದೂ ದುಪಟ್ಟಾ ಹೊದ್ದು. ತೂಕ ಇಳಿಸಲೆಂದು ವರ್ಷಗಟ್ಟಲೆ ರಾತ್ರಿಯೂಟ ಬಿಟ್ಟವಳು ದಿನದ ಐದು ಲೋಟ ಕಾಫಿಯನ್ನು ಮಾತ್ರ ಬಿಡಲಿಲ್ಲ.

ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಕ್ಯಾಲ್ಸಿಯಂನಲ್ಲಿ ಸುಮಾರು 350 ಮಿಲಿಗ್ರಾಂ 100 ಗ್ರಾಂ ರಾಗಿಯಿಂದಲೇ ದೊರೆಯುತ್ತದೆಂದು ತಿಳಿದು ಮುದ್ದೆ, ಮೊಸರು ಆರಂಭಿಸಿದ್ದೇನೆ. ತೊಡಕಿರುವುದು ಮಾತ್ರೆಗಳಲ್ಲಿ: ಬೆಳಗಿನ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರವಿರಬೇಕು, ಕಬ್ಬಿಣಾಂಶದ ಮಾತ್ರೆಯನ್ನು ಇವೆರಡರೊಂದಿಗೂ ಸೇರಿಸುವಂತಿಲ್ಲ. ಕಚೇರಿಗೆ ಹೋಗುತ್ತಲೇ ಈ ಮೂರನ್ನೂ ತಪ್ಪದೆ ನುಂಗುತ್ತಿರುವವರು ಯಾವ ಹೊತ್ತಿಗೆ ಯಾವುದನ್ನು ಇಟ್ಟುಕೊಂಡಿದ್ದೀರಿ?

ಇನ್ನೊಂದು ವಿಷಯ, ಬರಿಯ ನಡಿಗೆ ಸಾಲದು, ಭಾರ ಎತ್ತುವ ವ್ಯಾಯಾಮವೂ ಬೇಕೆಂದಿದ್ದಾರೆ. ಪಟ್ಟಿ ಬಿಚ್ಚಿ ಎರಡು ವಾರವಷ್ಟೇ ಆಗಿರುವ ಈ ಕೈಗೆ ಹೊಂದುವಂತೆ ಕಲಿಸಬಲ್ಲ ಫಿಸಿಯೋಥೆರಪಿಸ್ಟ್ ಮೈಸೂರಿನ ಕುವೆಂಪುನಗರದ ಆಸುಪಾಸಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಔಷಧಿಯ ಸಲಹೆ ಬೇಡ, ಅದನ್ನು ವೈದ್ಯರೇ ನೋಡುತ್ತಿದ್ದಾರೆ.