ಹೊಳಿ ಏರೋದಕ್ಕ ಮೊದಲ ಮೇನ್ ಯಾವಾಗ ಬಂದ್ ಮಾಡಬೇಕು?

ಪ್ರಶ್ನೆ (ಜಮಖಂಡಿ ತಾಲೂಕು): ಸರ್, ನಮ್ಮದು ಕೃಷ್ಣಾ ದಂಡಿ ಊರು. 2019ರ ಆಗಸ್ಟ್‌ನ್ಯಾಗ ಸ್ವಿಚ್ ಬೋರ್ಡ್ ತನಕಾ ನೀರು ಬಂದಿತ್ತು. ಈ ಸಲ ಮೊದಲ ತಯಾರಿ ಆಗಬೇಕು. ಮನ್ಯಾಗ ಐದು ಮಂದಿ, ಎರಡು ಎಮ್ಮಿ, ಇನ್ವರ್ಟರ್ ಐತಿ.

ಉತ್ತರ (ವಿದ್ಯುತ್ ಗುತ್ತಿಗೆದಾರ): ನಿಮ್ಮೂರ ಮಳೆ ನೋಡಿಕೊಂಡು ಕೂಡಬ್ಯಾಡ್ರಿ. ಇಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಕೃಷ್ಣಾ ಹೊಳೆಯ ಮೇಲಿನ ರಾಜಾಪುರ ಬ್ಯಾರೇಜಿನ ಹರಿವಿಗೆ, ಕೃಷ್ಣೆಗೆ ಸೇರುವ ದೂಧಗಂಗಾ ಹೊಳೆಯ ನೀರು ಕೂಡಿಸಿ ದಿನಾ ಲೆಕ್ಕ ಹಿಡೀರಿ.

ನೀರು ಹೊಸ್ತಿಲಿಗೆ ಬರುವ ಮೊದಲೇ, ನಿಂತ ನೆಲ ಒಣಗಿದ್ದಾಗಲೇ ಮೇನ್ ಇಳಿಸಿ. ನೀರಲ್ಲಿ ನಿಂತು ಬೋರ್ಡ್ ಮುಟ್ಟುವ ಧೈರ್ಯ ಬೇಡ; ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಹೇಳಿ ಲೈನ್ ತೆಗೆಸಿ. ಮರೆಯುವುದು ಇನ್ವರ್ಟರನ್ನೇ. ಮೇನ್ ಹೋದ ಕೂಡಲೇ ಅದು ಬ್ಯಾಟರಿಯಿಂದ ಮನೆಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅದನ್ನು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಎರಡನ್ನೂ ಅಟ್ಟಕ್ಕೇರಿಸಿ. ಹೊಳೆದಂಡೆಯ ಪಂಪ್‌ಸೆಟ್ ಮೋಟರ್, ಸ್ಟಾರ್ಟರ್ ಇದಕ್ಕೂ ಮೊದಲೇ ಮೇಲೆ ಬರಬೇಕು.

ಗ್ಯಾಸ್: ರೆಗ್ಯುಲೇಟರ್ ತೆಗೆದು, ಕ್ಯಾಪ್ ಹಾಕಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಬಿಗೀರಿ. ತುಂಬಿದ್ದು ಸುಮಾರು 30 ಕೆ.ಜಿ. ತೂಗಿದರೂ ತೇಲುತ್ತದೆ, ಯಾಕಂದರೆ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕ ಅದಕ್ಕಿಂತ ಹೆಚ್ಚು.

ಪ್ರಶ್ನೆ: ನೀರು ಇಳಿದ ಮ್ಯಾಲೆ ಫ್ರಿಜ್, ಮೋಟರ್ ಹಚ್ಚಿ ನೋಡಬಹುದೇನ್ರಿ?

ಉತ್ತರ: ಹಚ್ಚಬ್ಯಾಡ್ರಿ. ಹೊರಗೆ ಒಣಗಿದಂತೆ ಕಂಡರೂ ಪೈಪಿನೊಳಗೆ, ಸಾಕೆಟ್ಟಿನ ಹಿಂದೆ ರಾಡಿ ಕೂತಿರುತ್ತದೆ. ಸಾಕೆಟ್ ಬಿಚ್ಚಿ ತೊಳೆಸಿ, ಒಣಗಿಸಿ, ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ. ಪ್ರತಿ ಲೈನ್ 1 ಮೆಗಾಓಮ್ ಆದರೂ ತೋರಿಸಬೇಕು. ಲೈನ್ ಕೊಟ್ಟಾಗ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಬಿದ್ದರೆ ಎಲ್ಲೋ ಸೋರಿಕೆ ಇದೆ ಅಂತಲೇ ಅರ್ಥ. ಅದನ್ನು ಬೈಪಾಸ್ ಮಾಡಿ ಕೊಡುವ ಮಿಸ್ತ್ರಿ ಸಿಕ್ಕರೆ ಹೊರಗೆ ಕಳಿಸಿ.

ಉತ್ತರ (ಪಶುವೈದ್ಯರು): ಎಮ್ಮೆಗಳಿಗೆ ಗಳಲೆ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮೊದಲೇ ಹಾಕಿಸಿ, ಮೈಯಲ್ಲಿ ಶಕ್ತಿ ಕೂಡಲು ಎರಡು ಮೂರು ವಾರ ಬೇಕು. ಕಣಿಕೆ ಬಣವೆ ದಿಬ್ಬದ ಮೇಲಿರಲಿ. ಎಮ್ಮೆ ಹೊಡೆದುಕೊಂಡು ಹೋಗಲು ಆಗದಿದ್ದರೆ ಹಗ್ಗ ಬಿಚ್ಚಿಬಿಡಿ. ಬಿಟ್ಟ ಎಮ್ಮೆ ಈಜುತ್ತದೆ, ಕಟ್ಟಿದ್ದು ಗೂಟದಲ್ಲೇ ಸಾಯುತ್ತದೆ.

ಪ್ರಶ್ನೆ: ಊಟ, ನೀರು?

ಉತ್ತರ (ಆರೋಗ್ಯ ಸಹಾಯಕಿ): ಐದು ಮಂದಿ, ಮೂರು ದಿನ, ತಲೆಗೆ ದಿನಕ್ಕೆ 4 ಲೀಟರ್: 20 ಲೀಟರಿನ ಮೂರು ಕ್ಯಾನ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಟಾಣಿ ಸಾಕು, ಒಲೆ ಬೇಡ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಎರಡು ವಾರದ್ದು. ಆಧಾರ್, ರೇಷನ್ ಕಾರ್ಡ್, ಹೊಲದ ಉತಾರಗಳನ್ನು (ಪಹಣಿ) ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉಟ್ಟ ಬಟ್ಟೆಯೊಳಗೆ ಇಟ್ಟುಕೊಳ್ಳಿ, ಟ್ರಂಕಿನಲ್ಲಿ ಬೇಡ. ಮನೆ, ಸಾಮಾನು ಈಗಲೇ ಫೋಟೋ ತೆಗೆದಿಡಿ, ಪರಿಹಾರದ ಸರ್ವೇಕ್ಕೆ ಬೇಕಾಗುತ್ತದೆ. ಜಿಲ್ಲಾ ಕಂಟ್ರೋಲ್ ರೂಮ್ 1077.